ಕಾರವಾರ, ಶಿರಸಿ, ಗೋವಾ ಗಡಿ: ಬಾಡಿಗೆ ಮನೆ ಖಾಲಿ ಮಾಡಿಸುವ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಕಾರವಾರದ ಎಷ್ಟೋ ಕುಟುಂಬಗಳಿಗೆ ಮೂರು ನಾಲ್ಕು ಊರುಗಳ ಬಾಡಿಗೆ ಲೆಕ್ಕ ಒಟ್ಟಿಗೇ ಇರುತ್ತದೆ. ಮನೆ ಇಲ್ಲಿ, ಗಂಡನ ಕೆಲಸ ಮಡಗಾಂವದಲ್ಲಿ, ಮಗಳ ಓದು ಹುಬ್ಬಳ್ಳಿಯಲ್ಲಿ. ಮಾವನ ಅಂಗಡಿ ಶಿರಸಿಯಲ್ಲಿ. ಹೀಗಿರುವಾಗ ಒಂದೂರಲ್ಲಿ ಕೇಳಿದ ನಿಯಮವನ್ನು ಇನ್ನೊಂದೂರಿಗೆ ಹಚ್ಚಿಕೊಳ್ಳುವುದು ಸಹಜ. ಗೋವಾದಲ್ಲಿ ಹಳೇ ಬಾಡಿಗೆದಾರರನ್ನು ಸುಲಭಕ್ಕೆ ಎಬ್ಬಿಸಲಿಕ್ಕೆ ಆಗುವುದಿಲ್ಲ ಎಂದು ಯಾರೋ ಹೇಳಿರುತ್ತಾರೆ. ಅದನ್ನು ನಂಬಿ ಕಾರವಾರದ ಬಾಡಿಗೆದಾರರು ನೋಟಿಸಿಗೆ ಉತ್ತರವನ್ನೇ ಕೊಡದೆ ಕೂರುತ್ತಾರೆ. ಇತ್ತ ಮನೆ ಯಜಮಾನರು 11 ತಿಂಗಳು ಮುಗಿದ ಮರುದಿನವೇ ಬೀಗ ಹಾಕಬಹುದು ಅಂದುಕೊಂಡಿರುತ್ತಾರೆ. ಎರಡೂ ತಪ್ಪು. ಇಲ್ಲಿರುವುದು ಸಾಮಾನ್ಯ ತಿಳಿವಳಿಕೆಗೆ ಮಾತ್ರ. ನಿಮ್ಮ ಪ್ರಕರಣಕ್ಕೆ ನಿಮ್ಮ ಕಾಗದ ನೋಡಿದ ವಕೀಲರ ಮಾತೇ ಕೊನೆ.

ಕಾರವಾರಕ್ಕೂ ಶಿರಸಿಗೂ ನಿಯಮ ಬೇರೆ ಬೇರೆಯೇ?

ಇಲ್ಲ. ಕಾರವಾರ, ಶಿರಸಿ, ಕುಮಟಾ, ದಾಂಡೇಲಿ, ಆಚೆ ಹುಬ್ಬಳ್ಳಿ, ಎಲ್ಲ ಕಡೆ ನಡೆಯುವುದು ಅದೇ ಕಾನೂನು. ನಗರಸಭೆಯಾಗಲಿ ಪಟ್ಟಣ ಪಂಚಾಯತಿಯಾಗಲಿ ಖಾಸಗಿ ಮನೆಗಳಿಗೆ ತಮ್ಮದೇ ಬಾಡಿಗೆ ನಿಯಮ ಮಾಡುವುದಿಲ್ಲ.

ವ್ಯತ್ಯಾಸ ಬರುವುದು ಮೂರು ವಿಷಯದಲ್ಲಿ: ಬಾಡಿಗೆ ಎಷ್ಟು, ಕಟ್ಟಡ ಯಾರದ್ದು, ಕೈಯಲ್ಲಿರುವ ಕಾಗದ ಎಂಥದ್ದು. ಹಾಗಾಗಿ ಒಂದೇ ಓಣಿಯ ಎರಡು ಮನೆಗಳಿಗೆ ಬೇರೆ ಬೇರೆ ಕಾಯ್ದೆ ಅನ್ವಯಿಸಬಹುದು. ಘಟ್ಟದ ಮೇಲಿನ ಮನೆಗೂ ಕಡಲ ಬದಿಯ ಮನೆಗೂ ಒಂದೇ ಕಾಯ್ದೆ ಇರಬಹುದು. ಊರಿಂದ ಊರಿಗೆ ಬದಲಾಗುವುದು ರೂಢಿ ಮಾತ್ರ. ಮುಂಗಡ ಎಷ್ಟು ತಿಂಗಳದ್ದು, ಕರಾರು ಬರೆಯುತ್ತಾರೋ ಬಾಯಿಮಾತೋ, ಸುಣ್ಣ ಬಣ್ಣದ ಖರ್ಚು ಯಾರ ಮೇಲೆ, ಇಂಥವು. ರೂಢಿಯನ್ನು ಕಾನೂನು ಎಂದು ಹೇಳುವವರ ಮಾತು ಕೇಳಿ ಮನೆ ಬಿಟ್ಟು ಹೋಗಬೇಡಿ.

ಕರ್ನಾಟಕದಲ್ಲಿ ಬಾಡಿಗೆ ಕಾಯ್ದೆ ಇದೆಯಲ್ಲ, ಅದು ನನ್ನನ್ನು ಕಾಪಾಡುವುದಿಲ್ಲವೇ?

ಹೆಚ್ಚಿನವರನ್ನು ಕಾಪಾಡುವುದಿಲ್ಲ. ಇದು ಬೇಸರದ ಉತ್ತರ. ಆದರೆ ಮೊದಲೇ ತಿಳಿದಿರಬೇಕು.

ನಮ್ಮಲ್ಲಿ ಈಗ ಇರುವುದು ಕರ್ನಾಟಕ ಬಾಡಿಗೆ ಕಾಯ್ದೆ, 1999. ಜಾರಿಗೆ ಬಂದದ್ದು 2001ರ ಡಿಸೆಂಬರ್ 31ರಂದು. ಅದಕ್ಕೂ ಮೊದಲು 1961ರ ಬಾಡಿಗೆ ನಿಯಂತ್ರಣ ಕಾಯ್ದೆ ಇತ್ತು. ಹಿರಿಯರು 'ಬಾಡಿಗೆದಾರನನ್ನು ಮುಟ್ಟಲಿಕ್ಕಾಗದು' ಎನ್ನುವುದು ಆ ಹಳೇ ಕಾಯ್ದೆಯ ನೆನಪಿನಿಂದ. ಹೊಸ ಕಾಯ್ದೆ ಅನೇಕ ಕಟ್ಟಡಗಳನ್ನು ಹೊರಗಿಟ್ಟಿದೆ. ವಾಸದ ಮನೆಯ ಬಾಡಿಗೆ, ಕಾಯ್ದೆ ಪಟ್ಟಿ ಮಾಡಿದ ದೊಡ್ಡ ನಗರಗಳಲ್ಲಿ ತಿಂಗಳಿಗೆ 3,500 ರೂಪಾಯಿ ಮೀರಿದರೆ ಅನ್ವಯಿಸುವುದಿಲ್ಲ. ಉಳಿದ ಕಡೆ ಈ ಮಿತಿ 2,000 ರೂಪಾಯಿ. ಕಟ್ಟಿ ಅಥವಾ ಪೂರ್ತಿ ನವೀಕರಿಸಿ 15 ವರ್ಷ ಆಗದ ಕಟ್ಟಡವೂ ಹೊರಗೆ. ಅಂಗಡಿಯಾದರೆ 14 ಚದರ ಮೀಟರ್ ಒಳಗಿನದಕ್ಕೆ ಮಾತ್ರ. ಅಂದರೆ ಸುಮಾರು 150 ಚದರ ಅಡಿ.

ಈಗ ಕಾರವಾರದಲ್ಲಿ 2,000 ರೂಪಾಯಿಗೆ ಮನೆ ಎಲ್ಲಿದೆ? ಹಳೇ ಹಂಚಿನ ಮನೆಯ ಹಿಂಬದಿ ಕೋಣೆಯಲ್ಲಿ ಹತ್ತಾರು ವರ್ಷದಿಂದ ಇರುವವರು, ಶಿರಸಿ ಪೇಟೆಯ ಹಳೇ ಸಾಲಿನಲ್ಲಿ ಒಂದು ಬಾಗಿಲಿನ ಪುಟ್ಟ ಅಂಗಡಿ ಇಟ್ಟವರು, ಇಂಥ ಕೆಲವರಷ್ಟೇ ಈ ಕಾಯ್ದೆಯ ಒಳಗೆ ಬರಬಹುದು. ನೀವು ಅಂಥವರಾದರೆ ಆ ರಕ್ಷಣೆ ಬೆಲೆಯುಳ್ಳದ್ದು, ಕಳೆದುಕೊಳ್ಳಬೇಡಿ. ಬಾಡಿಗೆ ಬಾಕಿ, ಒಪ್ಪಿಗೆ ಇಲ್ಲದೆ ಒಳಬಾಡಿಗೆ, ಬೇರೆ ಉದ್ದೇಶಕ್ಕೆ ಬಳಕೆ, ಯಜಮಾನರಿಗೆ ನಿಜವಾಗಿಯೂ ಸ್ವಂತಕ್ಕೆ ಬೇಕಾಗಿರುವುದು, ಹೀಗೆ ಕಾಯ್ದೆ ಹೇಳಿದ ಕಾರಣ ಇದ್ದರೆ ಮಾತ್ರ ಕೋರ್ಟು ಖಾಲಿ ಮಾಡಿಸುತ್ತದೆ. ಬಾಕಿ ಇದ್ದರೂ ನೋಟಿಸ್ ಮುಟ್ಟಿ ಎರಡು ತಿಂಗಳೊಳಗೆ ಪೂರ್ತಿ ಕಟ್ಟಿದರೆ ಆ ಕಾರಣ ನಿಲ್ಲುವುದಿಲ್ಲ.

ಅದಕ್ಕೇ ಒಂದು ಮಾತು. ಹಳೇ ಮನೆಗೆ 'ಬಾಡಿಗೆ ಸ್ವಲ್ಪ ಏರಿಸಿ ಹೊಸ ಕರಾರು ಬರೆಯೋಣ' ಎಂದು ಯಜಮಾನರು ಬಂದಾಗ ಸಹಿ ಹಾಕುವ ಮೊದಲು ಯೋಚಿಸಿ. ಆ ಒಂದು ಸಹಿಯಿಂದ ಕಾಯ್ದೆಯ ಹೊರಗೆ ಹೋಗಿಬಿಡಬಹುದು.

ಆ ಕಾಯ್ದೆ ಅನ್ವಯಿಸದಿದ್ದರೆ ನನಗೇನು ರಕ್ಷಣೆ?

ಆಗ 1882ರ ಆಸ್ತಿ ವರ್ಗಾವಣೆ ಕಾಯ್ದೆ ಮತ್ತು ನಿಮ್ಮ ಕರಾರು ಪತ್ರ. ಇಲ್ಲಿ ಯಜಮಾನರು ಕಾರಣ ಹೇಳಬೇಕಿಲ್ಲ. ಆದರೆ ದಾರಿ ತಪ್ಪುವಂತಿಲ್ಲ.

ಕರಾರಿನಲ್ಲಿ ಬೇರೆ ಮಾತಿಲ್ಲದಿದ್ದರೆ ವಾಸದ ಮನೆ, ಅಂಗಡಿಗಳ ಬಾಡಿಗೆಯನ್ನು ತಿಂಗಳ ಲೆಕ್ಕದ್ದು ಎಂದು ಹಿಡಿಯುತ್ತಾರೆ. ಮುಗಿಸಲು 15 ದಿನಗಳ ಲಿಖಿತ ನೋಟಿಸ್ ಬೇಕು. ಕೃಷಿಗೆ ಅಥವಾ ತಯಾರಿಕೆಗೆ ಕೊಟ್ಟದ್ದಾದರೆ ಆರು ತಿಂಗಳು. ಕರಾರಿನಲ್ಲೇ 'ಎರಡು ತಿಂಗಳ ನೋಟಿಸ್' ಎಂದು ಬರೆದಿದ್ದರೆ ಅದೇ ನಡೆಯುತ್ತದೆ. ಹಾಗಾಗಿ ಬರೆಯುವಾಗಲೇ ಎರಡೋ ಮೂರೋ ತಿಂಗಳು ಹಾಕಿಸಿಕೊಳ್ಳಿ.

ನೋಟಿಸ್ ಅವಧಿ ಮುಗಿದರೂ ನೀವು ಬಿಡದಿದ್ದರೆ ಯಜಮಾನರು ಸಿವಿಲ್ ಕೋರ್ಟಿಗೆ ದಾವೆ ಹಾಕಬೇಕು. ತೀರ್ಪು ಬಂದ ಮೇಲೆ ಅಮಲ್ಜಾರಿ ಮೂಲಕ, ಕೋರ್ಟಿನ ಅಮೀನರು ಬಂದು ಖಾಲಿ ಮಾಡಿಸುತ್ತಾರೆ. ಆದರೆ ನೋಟಿಸ್ ಮುಗಿದ ದಿನದಿಂದ ನೀವು ಇದ್ದಷ್ಟು ಕಾಲಕ್ಕೆ ಬಾಡಿಗೆಗಿಂತ ಜಾಸ್ತಿ ಪರಿಹಾರವನ್ನು ಕೋರ್ಟು ವಿಧಿಸಬಹುದು. 'ಕೇಸು ಹತ್ತು ವರ್ಷ ಎಳೆಯುತ್ತದೆ, ಆರಾಮ ಇರಿ' ಎಂದು ಯಾರಾದರೂ ಹೇಳಿದರೆ ಈ ಮಾತನ್ನೂ ಕೇಳಿ ನೋಡಿ.

ಕರಾರು ಯಾವಾಗಲೂ 11 ತಿಂಗಳಿಗೇ ಯಾಕೆ? ಮುಗಿದ ಮೇಲೆ ನಾನು ಅತಿಕ್ರಮಣದಾರನೇ?

1908ರ ನೋಂದಣಿ ಕಾಯ್ದೆಯ ಪ್ರಕಾರ ಒಂದು ವರ್ಷ ಮೀರಿದ ಗುತ್ತಿಗೆ ಪತ್ರವನ್ನು ಉಪನೋಂದಣಾಧಿಕಾರಿ ಕಚೇರಿಯಲ್ಲಿ ನೋಂದಾಯಿಸಲೇಬೇಕು. ಆ ಖರ್ಚು, ಓಡಾಟ ಬೇಡ ಎಂದು 11 ತಿಂಗಳು. ಬೇರೆ ಗುಟ್ಟೇನೂ ಇಲ್ಲ.

ಅವಧಿ ಮುಗಿದ ಮೇಲೂ ನೀವು ಇದ್ದು, ಯಜಮಾನರು ಬಾಡಿಗೆ ತೆಗೆದುಕೊಳ್ಳುತ್ತಾ ಹೋದರೆ ಸಾಮಾನ್ಯವಾಗಿ ಅದು ತಿಂಗಳ ಬಾಡಿಗೆಯಾಗಿ ಮುಂದುವರಿಯುತ್ತದೆ. ಮತ್ತೆ ನೋಟಿಸ್ ಬೇಕು. ಬಾಯಿಮಾತಿನ ಬಾಡಿಗೆಯೂ ಬಾಡಿಗೆಯೇ. ಕಾಗದ ಇಲ್ಲ ಎಂದ ಮಾತ್ರಕ್ಕೆ ಹಕ್ಕು ಹೋಗುವುದಿಲ್ಲ. ಸಾಬೀತು ಮಾಡುವುದು ಮಾತ್ರ ಕಷ್ಟವಾಗುತ್ತದೆ.

ನಮ್ಮ ಕಡೆ ಕಾಣುವ ಒಂದು ಅಭ್ಯಾಸ ನೋಡಿ. ಇ-ಸ್ಟಾಂಪ್ ಕಾಗದದಲ್ಲಿ ಕರಾರು ಟೈಪ್ ಮಾಡಿಸುತ್ತಾರೆ, ನೋಟರಿ ಮುದ್ರೆ ಬೀಳುತ್ತದೆ, ಅಸಲು ಯಜಮಾನರ ಕಪಾಟಿಗೆ ಹೋಗುತ್ತದೆ. ಬಾಡಿಗೆದಾರರ ಕೈಗೆ ಒಂದು ಜೆರಾಕ್ಸ್. ಅದರಲ್ಲೂ ಎರಡನೇ ಪುಟ ಇರುವುದಿಲ್ಲ. ಮುಂಗಡದ ಮೊತ್ತ, ನೋಟಿಸ್ ಅವಧಿ, ರಿಪೇರಿಯ ಮಾತು ಇರುವುದು ಆ ಎರಡನೇ ಪುಟದಲ್ಲೇ. ಎರಡು ಅಸಲು ಮಾಡಿಸಿ. ಆಗದಿದ್ದರೆ ಎಲ್ಲ ಪುಟಗಳ ಫೋಟೋ ತೆಗೆದುಕೊಳ್ಳಿ, ಸಹಿ ಮತ್ತು ಸ್ಟಾಂಪ್ ನಂಬರು ಕಾಣುವ ಹಾಗೆ.

ಮಾಜಾಳಿ ದಾಟಿ ಗೋವಾಕ್ಕೆ ಹೋದರೆ ಏನು ಬದಲಾಗುತ್ತದೆ?

ಬಹಳ ಬದಲಾಗುತ್ತದೆ. ಗಡಿಯಾಚೆಯ ಪೋಳೆಂ ಬಂತೆಂದರೆ ರಾಜ್ಯ ಬೇರೆ, ಕಾಯ್ದೆ ಬೇರೆ, ಅಧಿಕಾರಿಯೂ ಬೇರೆ. ಅಲ್ಲಿ 1968ರ ಗೋವಾ, ದಮನ್ ಮತ್ತು ದಿಯು ಕಟ್ಟಡಗಳ (ಗುತ್ತಿಗೆ, ಬಾಡಿಗೆ ಮತ್ತು ಖಾಲಿ ಮಾಡಿಸುವಿಕೆ) ನಿಯಂತ್ರಣ ಕಾಯ್ದೆ ಇದೆ. ಅದರ ವ್ಯಾಪ್ತಿಯ ಕಟ್ಟಡದಲ್ಲಿ ಇರುವ ಬಾಡಿಗೆದಾರರನ್ನು ಆ ಕಾಯ್ದೆಯ ಪ್ರಕಾರ ಬಿಟ್ಟು ಬೇರೆ ಯಾವ ರೀತಿಯಲ್ಲೂ ಎಬ್ಬಿಸುವಂತಿಲ್ಲ. ಕರಾರಿನಲ್ಲಿ ಏನೇ ಬರೆದಿರಲಿ. ಇದು ದೊಡ್ಡ ಮಾತು. ನಮ್ಮಲ್ಲಿ ಹೆಚ್ಚಿನ ಮನೆಗಳಿಗೆ ಕರಾರೇ ಮುಖ್ಯ, ಅಲ್ಲಿ ಕಾಯ್ದೆ ಕರಾರಿಗಿಂತ ಮೇಲೆ.

ಅಲ್ಲಿ ಕಾರಣ ತೋರಿಸಲೇಬೇಕು: ಬಾಡಿಗೆ ಬಾಕಿ, ಒಪ್ಪಿಗೆ ಇಲ್ಲದ ಒಳಬಾಡಿಗೆ, ನೆರೆಹೊರೆಗೆ ಉಪದ್ರವ, ಸ್ವಂತ ವಾಸಕ್ಕೆ ಬೇಕಾಗಿರುವುದು ಇತ್ಯಾದಿ. ಬಾಕಿಯ ವಿಷಯದಲ್ಲಿ ಒಟ್ಟು ಮೂರು ತಿಂಗಳ ಬಾಡಿಗೆ ನಿಂತಿರಬೇಕು. ನೋಂದಾಯಿತ ನೋಟಿಸ್ ಮುಟ್ಟಿ 30 ದಿನ ಕಳೆದರೂ ಕಟ್ಟಿರಬಾರದು. ಅರ್ಜಿ ಹೋಗುವುದು ಬಾಡಿಗೆ ನಿಯಂತ್ರಣಾಧಿಕಾರಿಯ ಮುಂದೆ.

ಇದೇ ಸಂಬಳ, ಇದೇ ಸಂಸಾರ, ಒಂದು ಗಂಟೆಯ ದಾರಿ. ಕಾರವಾರದ ಸದಾಶಿವಗಡದಲ್ಲಿ ಇದ್ದರೆ 15 ದಿನದ ನೋಟಿಸ್, ಗೋವಾದ ಕಾಣಕೋಣದಲ್ಲಿ ಹಳೇ ಬಾಡಿಗೆದಾರರಾಗಿದ್ದರೆ ಕಾರಣ ಸಾಬೀತಾಗುವ ತನಕ ನೆಲೆ. ಇಷ್ಟು ಅಂತರ ಸರಿಯಲ್ಲ ಅಂತ ನನ್ನ ಅಭಿಪ್ರಾಯ. ಕಡಿಮೆ ಬಾಡಿಗೆಯಲ್ಲಿ ಬದುಕುವ ಜನ ಎರಡೂ ಕಡೆ ಇದ್ದಾರೆ, ನಮ್ಮ ಕಾಯ್ದೆಯ 2,000 ರೂಪಾಯಿ ಮಿತಿ 20 ವರ್ಷಕ್ಕೂ ಹಿಂದಿನದು.

ಹಾಗಾದರೆ ಮಡಗಾಂವದಲ್ಲಿ ಮನೆ ಮಾಡಿದರೆ ನಾನು ಸುರಕ್ಷಿತ, ಅಲ್ವಾ?

ಅವಸರ ಬೇಡ. ಆ ರಕ್ಷಣೆ ಇರುವುದರಿಂದಲೇ ಅಲ್ಲಿನ ಯಜಮಾನರು ಈಗ ಹೆಚ್ಚಾಗಿ 'ಲೀವ್ ಅಂಡ್ ಲೈಸೆನ್ಸ್' ಪತ್ರ ಬರೆಸುತ್ತಾರೆ. ಅದರ ಪ್ರಕಾರ ನೀವು ಬಾಡಿಗೆದಾರರಲ್ಲ, ಒಪ್ಪಿಗೆ ಪಡೆದು ಸ್ವಲ್ಪ ಕಾಲ ಇರುವವರು. 1882ರ ಅನುಭೋಗಾಧಿಕಾರ ಕಾಯ್ದೆಯಲ್ಲಿ ಈ ಒಪ್ಪಿಗೆಯ ವ್ಯಾಖ್ಯೆ ಇದೆ, ಆಸ್ತಿಯಲ್ಲಿ ಅದರಿಂದ ಯಾವ ಹಕ್ಕೂ ಬರುವುದಿಲ್ಲ.

ಆದರೆ ತಲೆಬರಹ ನೋಡಿ ಕೋರ್ಟು ತೀರ್ಮಾನಿಸುವುದಿಲ್ಲ. ಮನೆಯ ಪೂರ್ತಿ ಸ್ವಾಧೀನ ನಿಮ್ಮದೇ ಆಗಿತ್ತೇ, ಯಜಮಾನರು ಬೇಕೆಂದಾಗ ಒಳಗೆ ಬರುತ್ತಿದ್ದರೇ, ಎರಡೂ ಕಡೆಯವರ ನಿಜವಾದ ಉದ್ದೇಶ ಏನಿತ್ತು ಎಂದು ನೋಡುತ್ತದೆ. ಪಿಜಿ, ಹಾಸ್ಟೆಲ್, ಹಂಚಿಕೊಂಡ ಕೋಣೆಗಳು ಸಾಮಾನ್ಯವಾಗಿ ಒಪ್ಪಿಗೆಯ ಲೆಕ್ಕಕ್ಕೇ ಬರುತ್ತವೆ. ಹುಬ್ಬಳ್ಳಿಯಲ್ಲಿ ಓದುವ ಮಕ್ಕಳ ಪಿಜಿಗೂ ಇದೇ ಮಾತು. ಇನ್ನು ಗೋವಾದಲ್ಲಿ ಬಾಡಿಗೆದಾರರ ಪೊಲೀಸ್ ಪರಿಶೀಲನೆ ಕಟ್ಟುನಿಟ್ಟು. ಹೊರರಾಜ್ಯದವರ ಫಾರ್ಮ್ ಠಾಣೆಗೆ ಹೋಗಿದೆಯೇ ಎಂದು ಮನೆಗೆ ಸೇರುವಾಗಲೇ ಕೇಳಿ, ಸ್ವೀಕೃತಿಯ ಪ್ರತಿ ಇಟ್ಟುಕೊಳ್ಳಿ. ನೀವು ಅಲ್ಲಿ ಇದ್ದಿರಿ ಎನ್ನುವುದಕ್ಕೂ ಅದು ಸಾಕ್ಷಿ.

ಗೋವಾದ 'ಮುಂಡಕಾರ' ಎಂದರೆ ಯಾರು? ಬಾಡಿಗೆದಾರರೇ?

ಅಲ್ಲ. ಭಾಟಕಾರ ಎಂದರೆ ಜಮೀನಿನ ಒಡೆಯ. ಅವನ ಒಪ್ಪಿಗೆಯಿಂದ ಅವನ ನೆಲದಲ್ಲಿ ಮನೆ ಮಾಡಿಕೊಂಡಿರುವವನು ಮುಂಡಕಾರ. 1975ರ ಮುಂಡಕಾರ ಕಾಯ್ದೆ ಇವರನ್ನು ಎಬ್ಬಿಸದಂತೆ ಕಾಪಾಡುತ್ತದೆ, ಮನೆ ಮತ್ತು ಸುತ್ತಲಿನ ಜಾಗ ಖರೀದಿಸುವ ಹಕ್ಕನ್ನೂ ಕೊಡುತ್ತದೆ. ವ್ಯವಹಾರ ನಡೆಯುವುದು ಮಾಮಲೆದಾರರ (ನಮ್ಮ ತಹಶೀಲ್ದಾರರಂಥ ಅಧಿಕಾರಿ) ಮುಂದೆ. ಮನೆಗೆ ಬಾಡಿಗೆ ಕೊಡುವವರು ಮುಂಡಕಾರರಲ್ಲ. ಕಾರವಾರದಿಂದ ಹೋಗಿ ಕೋಣೆ ಹಿಡಿದವರಿಗೆ ಇದು ಸಿಗುವುದಿಲ್ಲ.

ನಮ್ಮ ಜಿಲ್ಲೆಯಲ್ಲಿ ಅಂಥದ್ದು ಇರಲಿಲ್ಲವೇ?

ಇತ್ತು, ಬೇರೆ ಹೆಸರಿನಲ್ಲಿ. ಉತ್ತರ ಕನ್ನಡ ಗೇಣಿದಾರರ ಜಿಲ್ಲೆ. 1956ರ ತನಕ ನಾವು ಮುಂಬೈ ಪ್ರಾಂತ್ಯದಲ್ಲಿ ಇದ್ದೆವು. ಇಲ್ಲಿನ ಗೇಣಿದಾರರನ್ನು ಸಂಘಟಿಸಿದ ದಿನಕರ ದೇಸಾಯಿಯವರನ್ನು ಬ್ರಿಟಿಷ್ ಸರ್ಕಾರ ಜಿಲ್ಲೆಯಿಂದಲೇ ಗಡೀಪಾರು ಮಾಡಿತ್ತು. ಆಮೇಲೆ ಬಂದ ಭೂಸುಧಾರಣೆಯಲ್ಲಿ 1974ರ ಮಾರ್ಚ್ 1ರ ತಿದ್ದುಪಡಿ ಉಳುವವರಿಗೆ ನೆಲ ಕೊಟ್ಟಿತು. ಒಡೆಯರ ಜಮೀನಿನಲ್ಲಿ ಮನೆ ಕಟ್ಟಿಕೊಂಡಿದ್ದ ಕೃಷಿ ಕಾರ್ಮಿಕರಿಗೆ ಆ ಮನೆಯಡಿಯ ಜಾಗದ ಹಕ್ಕು ಕೊಡಲು ಅದೇ ಭೂಸುಧಾರಣಾ ಕಾಯ್ದೆಯ 38ನೇ ಕಲಂ ಇದೆ. ಆ ಅರ್ಜಿಗಳ ಕಾಲ ಹಿಂದೆಯೇ ಮುಗಿದಿದೆ. ಆದರೆ ಅಜ್ಜನ ಕಾಲದ ಅರ್ಜಿ, ಭೂ ನ್ಯಾಯಮಂಡಳಿಯ ಆದೇಶ ಮನೆಯ ಪೆಟ್ಟಿಗೆಯಲ್ಲಿದ್ದರೆ ವಕೀಲರಿಗೆ ತೋರಿಸಿ. ಜಮೀನು ಕೈ ಬದಲಾದಾಗ ಅಂಥ ಕಾಗದವೇ ಮನೆ ಉಳಿಸುತ್ತದೆ.

ಸಂಬಂಧಿಕರ ಮನೆ, ಬಾಡಿಗೆ ಇಲ್ಲ, ನೋಡಿಕೊಂಡು ಇದ್ದೇವೆ. 20 ವರ್ಷ ಆಯಿತು. ಮನೆ ನಮ್ಮದಾಗುತ್ತದೆಯೇ?

ಇಲ್ಲ. ಗೋವಾದಿಂದಲೇ ಹೋದ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2012ರಲ್ಲಿ ಇದನ್ನು ಖಡಾಖಂಡಿತವಾಗಿ ಹೇಳಿದೆ. ನೋಡಿಕೊಳ್ಳಲು ಇಟ್ಟವರು, ಪ್ರೀತಿಯಿಂದ ಇರಲು ಬಿಟ್ಟ ಬಂಧುಗಳು ಎಷ್ಟು ವರ್ಷ ಇದ್ದರೂ ಅದರಿಂದ ಆಸ್ತಿಯ ಹಕ್ಕು ಹುಟ್ಟುವುದಿಲ್ಲ. ಮುಂಬೈಯಲ್ಲೋ ದುಬೈಯಲ್ಲೋ ಇರುವ ಅಣ್ಣನ ಮನೆಯಲ್ಲಿ ಇರುವವರು ಇದನ್ನು ಗಮನಿಸಿ.

ಚೌತಿಗೆ ಊರಿಗೆ ಹೋಗಿ ಬರುವಷ್ಟರಲ್ಲಿ ಬಾಗಿಲಿಗೆ ಬೇರೆ ಬೀಗ! ಈಗ ಏನು ಮಾಡಲಿ?

ಇದು ಕಾರವಾರವಿರಲಿ, ಶಿರಸಿಯಿರಲಿ, ಮಡಗಾಂವವಿರಲಿ, ಎಲ್ಲ ಕಡೆಯೂ ಕಾನೂನುಬಾಹಿರ. ಇಲ್ಲಿ ಊರಿನ ವ್ಯತ್ಯಾಸ ಇಲ್ಲವೇ ಇಲ್ಲ. ಕೋರ್ಟಿನ ಆದೇಶ ಇಲ್ಲದೆ ಬಾಡಿಗೆದಾರರನ್ನು ಹೊರಹಾಕುವ ಅಧಿಕಾರ ಯಜಮಾನರಿಗೂ ಇಲ್ಲ, ಬ್ರೋಕರಿಗೂ ಇಲ್ಲ, ಪೊಲೀಸರಿಗೂ ಇಲ್ಲ. ನೆಲೆಯಾಗಿ ಇರುವವರನ್ನು ನಿಜವಾದ ಮಾಲೀಕರೂ ಬಲವಂತದಿಂದ ಹೊರಹಾಕುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2004ರಲ್ಲಿ ಕರ್ನಾಟಕದ ರಾಮೇಗೌಡ ಪ್ರಕರಣದಲ್ಲಿ ಹೇಳಿದೆ.

ಮೊದಲು ನೀವಾಗಿ ಬೀಗ ಒಡೆಯಬೇಡಿ. ಒಡೆದರೆ ಪೊಲೀಸ್ ದೂರು ನಿಮ್ಮ ಮೇಲೇ ಬರಬಹುದು. ಬಾಗಿಲು, ಹೊಸ ಬೀಗ, ಹೊರಗೆ ಹಾಕಿದ ಸಾಮಾನು ಇದ್ದರೆ ಅದು, ಎಲ್ಲದರ ಫೋಟೋ ಮತ್ತು ವಿಡಿಯೋ ತೆಗೆಯಿರಿ. ಅಕ್ಕಪಕ್ಕದವರನ್ನು ಕರೆದು ತೋರಿಸಿ. ಯಜಮಾನರಿಗೆ ವಾಟ್ಸಾಪ್‌ನಲ್ಲಿ ಬರೆದು ಕೇಳಿ: 'ಬೀಗ ಯಾಕೆ ಬದಲಾಗಿದೆ, ನಮ್ಮ ಸಾಮಾನು ಒಳಗಿದೆ.' ಅವರ ಉತ್ತರವೇ ಸಾಕ್ಷಿಯಾಗುತ್ತದೆ. ಅವತ್ತೇ ಠಾಣೆಗೆ ಹೋಗಿ ಬರವಣಿಗೆಯಲ್ಲಿ ದೂರು ಕೊಡಿ. ಮನೆಗೆ ಹೋಗದಂತೆ ತಡೆಯುವುದು, ಅತಿಕ್ರಮ ಪ್ರವೇಶ, ಸಾಮಾನಿಗೆ ಹಾನಿ, ಇವು ಭಾರತೀಯ ನ್ಯಾಯ ಸಂಹಿತೆಯಲ್ಲಿ ಅಪರಾಧಗಳು. 'ಇದು ಸಿವಿಲ್ ವಿಷಯ, ಕೋರ್ಟಿಗೆ ಹೋಗಿ' ಎಂದು ಠಾಣೆಯಲ್ಲಿ ಹೇಳಬಹುದು. ಹಾಗಂದರೂ ದೂರಿನ ಸ್ವೀಕೃತಿ ಕೇಳಿ ಪಡೆಯಿರಿ.

ನಂತರ ವಕೀಲರ ಬಳಿ ಹೋಗಿ. 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ 6ನೇ ಕಲಂ ಇಂಥ ಸಂದರ್ಭಕ್ಕೇ ಇದೆ. ಹೊರಹಾಕಿದ ದಿನದಿಂದ 6 ತಿಂಗಳೊಳಗೆ ದಾವೆ ಹಾಕಬೇಕು. ಮನೆ ಯಾರದ್ದು ಎಂಬ ಚರ್ಚೆಯೇ ಅಲ್ಲಿ ಬೇಡ. ನೀವು ಒಳಗಿದ್ದಿರಿ, ಕಾನೂನಿನ ದಾರಿ ಬಿಟ್ಟು ಹೊರಹಾಕಿದರು ಎಂದು ತೋರಿಸಿದರೆ ಸ್ವಾಧೀನ ಮರಳಿ ಸಿಗುತ್ತದೆ. ಆ 6 ತಿಂಗಳನ್ನು ರಾಜಿ ಮಾತಿನಲ್ಲಿ ಕಳೆದುಕೊಂಡವರು ಜಾಸ್ತಿ. ಹಿರಿಯರ ಪಂಚಾಯ್ತಿ ನಡೆಯಲಿ, ಜೊತೆಗೆ ದಿನವೂ ಎಣಿಸುತ್ತಿರಿ. ಬೀಗ ಹಾಕುವ ಬೆದರಿಕೆ ಮಾತ್ರ ಬಂದಿದ್ದರೆ ಮೊದಲೇ ತಡೆಯಾಜ್ಞೆ ಕೇಳಬಹುದು.

ಕರೆಂಟ್, ನೀರು ನಿಲ್ಲಿಸಿ ಹೊರಗೆ ಹೋಗುವಂತೆ ಮಾಡಿದರೆ?

ಇದೂ ಬಲವಂತವೇ. ಸಿವಿಲ್ ಕೋರ್ಟಿನಿಂದ ಮರುಜೋಡಣೆಯ ಆದೇಶ ಕೇಳಬಹುದು. ವಿದ್ಯುತ್ ಮೂಲಭೂತ ಸೌಕರ್ಯ, ಯಜಮಾನರು ಒಪ್ಪಿಗೆ ಪತ್ರ ಕೊಡಲಿಲ್ಲ ಎಂಬ ಕಾರಣಕ್ಕೆ ಬಾಡಿಗೆದಾರರಿಗೆ ಅದನ್ನು ನಿರಾಕರಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿದೆ. ವಿದ್ಯುತ್ ಕಾಯ್ದೆ 2003ರ ಪ್ರಕಾರ ಮಾಲೀಕರು ಮಾತ್ರವಲ್ಲ, ವಾಸವಿರುವವರೂ ಸಂಪರ್ಕ ಕೇಳಬಹುದು. ನಮ್ಮ ಜಿಲ್ಲೆಯಲ್ಲಿ ಅರ್ಜಿ ಹೆಸ್ಕಾಂಗೆ. ಬಿಲ್ ಬಾಕಿ ಇಟ್ಟುಕೊಂಡು ಮಾತ್ರ ಈ ವಾದ ಮಾಡಬೇಡಿ.

ಗೋಕರ್ಣದಲ್ಲಿ ಸೀಸನ್ ಬಂತೆಂದರೆ ಮನೆ ಬಿಡಿ ಎನ್ನುತ್ತಾರೆ. ಹಾಗೆ ಹೇಳಬಹುದೇ?

ಮಳೆ ನಿಂತು ಪ್ರವಾಸಿಗರು ಬರತೊಡಗಿದರೆ ತಿಂಗಳ ಬಾಡಿಗೆಗಿಂತ ದಿನದ ಬಾಡಿಗೆಯಲ್ಲಿ ಹಣ ಜಾಸ್ತಿ. ಗೋಕರ್ಣದಲ್ಲೂ ಹಾಗೆ, ಗೋವಾದ ಪಾಳೊಳೆಂ ಸುತ್ತಲೂ ಹಾಗೆ. ಹೋಟೆಲಿನಲ್ಲಿ, ಅಂಗಡಿಗಳಲ್ಲಿ ದುಡಿಯುವವರು ಮಳೆಗಾಲದಲ್ಲಿ ಮನೆ ಕಾಯ್ದು, ಬೇಸಿಗೆಗೆ ಬೀದಿಗೆ ಬೀಳುವ ಸ್ಥಿತಿ. ಆ ಊರನ್ನು ನಡೆಸುವವರೇ ಅವರು, ಅವರಿಗೇ ಅಲ್ಲಿ ಮನೆ ಇಲ್ಲ.

ಕಾನೂನು ಅದೇ. ಕರಾರಿನ ಅವಧಿ ಇನ್ನೂ ಇದ್ದರೆ ಸೀಸನ್ ಎಂಬುದು ಕಾರಣವಲ್ಲ. ಅವಧಿ ಮುಗಿದಿದ್ದರೆ ಅಥವಾ ಕರಾರೇ ಇಲ್ಲದಿದ್ದರೆ ಗೋಕರ್ಣದಲ್ಲಿ 15 ದಿನಗಳ ನೋಟಿಸ್ ಬೇಕು. 'ನಾಳೆ ಗೆಸ್ಟ್ ಬರ್ತಾರೆ' ಎನ್ನುವುದು ನೋಟಿಸ್ ಅಲ್ಲ. ಜೂನ್‌ನಲ್ಲಿ ಮನೆ ಹಿಡಿಯುವಾಗಲೇ ಮುಂದಿನ ಮೇ ತನಕ ಎಂದು ಬರೆಸಿಕೊಳ್ಳಿ.

ಮಳೆಗಾಲದಲ್ಲಿ ಖಾಲಿ ಮಾಡಿಸಬಾರದು ಎಂಬ ನಿಯಮ ಇದೆಯೇ? ಸೋರುವ ಮನೆಯ ರಿಪೇರಿ ಯಾರದ್ದು?

ಮಳೆಗಾಲಕ್ಕೆ ಬೇರೆ ನಿಯಮ ಇಲ್ಲ. ಮಕ್ಕಳ ಪರೀಕ್ಷೆ, ಕಾಯಿಲೆ, ಮಳೆ ಎಂದು ಕಾರಣ ಹೇಳಿ ಕೋರ್ಟಿನಲ್ಲಿ ಸಮಯ ಕೇಳಬಹುದು. ಇಂಥ ದಿನ ಬಿಡುತ್ತೇನೆ ಎಂದು ಮುಚ್ಚಳಿಕೆ ಕೊಟ್ಟರೆ ಸಾಮಾನ್ಯವಾಗಿ ಸಮಯ ಸಿಗುತ್ತದೆ.

ರಿಪೇರಿ ಕರಾರಿನಲ್ಲಿ ಬರೆದಂತೆ. ಮೇ ತಿಂಗಳಲ್ಲಿ ಹಂಚು ಕೈಯಾಡಿಸುವುದು ಯಾರ ಖರ್ಚು ಎಂದು ನಮ್ಮ ಕಡೆಯ ಕರಾರಿನಲ್ಲಿ ಒಂದು ಸಾಲು ಇರಲೇಬೇಕು. ಯಜಮಾನರೇ ಮಾಡಬೇಕಾದ ರಿಪೇರಿಯನ್ನು ತಿಳಿಸಿದರೂ ಮಾಡದಿದ್ದರೆ ನೀವೇ ಮಾಡಿಸಿ ಬಾಡಿಗೆಯಲ್ಲಿ ಮುರಿದುಕೊಳ್ಳಲು ಆಸ್ತಿ ವರ್ಗಾವಣೆ ಕಾಯ್ದೆಯ 108ನೇ ಕಲಂ ಅವಕಾಶ ಕೊಡುತ್ತದೆ. ಮೊದಲು ಬರವಣಿಗೆಯಲ್ಲಿ ತಿಳಿಸಿ, ಬಿಲ್ಲುಗಳನ್ನು ಇಟ್ಟುಕೊಳ್ಳಿ. ಸುಮ್ನೆ ಬಾಡಿಗೆ ನಿಲ್ಲಿಸಿದರೆ ಅದು ಬಾಕಿ ಎಂದೇ ಲೆಕ್ಕ.

ಯಜಮಾನರು ಬಾಡಿಗೆಯನ್ನೇ ತೆಗೆದುಕೊಳ್ಳುತ್ತಿಲ್ಲ. ಏನರ್ಥ?

'ಬಾಕಿ ಇದೆ' ಎಂದು ಕೇಸು ಹಾಕುವ ತಯಾರಿ ಇರಬಹುದು. ಬ್ಯಾಂಕ್ ಖಾತೆಗೆ ಹಾಕಿ ಅಥವಾ ಅಂಚೆ ಮನಿ ಆರ್ಡರ್ ಕಳುಹಿಸಿ. ನಿರಾಕರಿಸಿದ ಚೀಟಿ ವಾಪಸ್ ಬರುತ್ತದೆ, ಅದನ್ನು ಜೋಪಾನ ಮಾಡಿ. ಪ್ರತಿ ತಿಂಗಳೂ ಹೀಗೇ ಮಾಡಿ. ನಗದು ಕೊಡುವ ಪದ್ಧತಿ ಇದ್ದರೆ ಇವತ್ತೇ ಬಿಡಿ.

ಮುಂಗಡಕ್ಕೆ ಮಿತಿ ಇದೆಯೇ? ಎರಡು ತಿಂಗಳು ಮಾತ್ರ ಎಂದು ಕೇಳಿದ್ದೇವೆ.

ಅದು ಕೇಂದ್ರ ಸಂಪುಟ 2021ರ ಜೂನ್ 2ರಂದು ಒಪ್ಪಿದ ಮಾದರಿ ಬಾಡಿಗೆ ಕಾಯ್ದೆಯ ಮಾತು. ಮನೆಗೆ ಎರಡು ತಿಂಗಳು, ಬೇರೆ ಬಳಕೆಗೆ ಆರು ತಿಂಗಳು ಎಂದು ಅದರಲ್ಲಿದೆ. ಆದರೆ ಮಾದರಿ ಎಂದರೆ ಮಾದರಿ. ರಾಜ್ಯ ತನ್ನದೇ ಕಾಯ್ದೆ ಮಾಡಿಕೊಂಡರೆ ಮಾತ್ರ ಅದಕ್ಕೆ ಬಲ. ಅದನ್ನು ತೋರಿಸಿ ಕಾರವಾರದಲ್ಲೋ ಕಾಣಕೋಣದಲ್ಲೋ ಜಗಳ ಮಾಡಿ ಪ್ರಯೋಜನವಿಲ್ಲ. ಮುಂಗಡವನ್ನು ಬ್ಯಾಂಕ್ ಮೂಲಕ ಕೊಡಿ, ಎಷ್ಟು ದಿನದಲ್ಲಿ ವಾಪಸ್ ಎಂದು ಬರೆಸಿ.

ಭೋಗ್ಯಕ್ಕೆ ಮನೆ ಹಿಡಿದಿದ್ದೇವೆ. ಈಗ ಬ್ಯಾಂಕಿನವರು ನೋಟಿಸ್ ಅಂಟಿಸಿದ್ದಾರೆ!

ಹುಬ್ಬಳ್ಳಿ ಕಡೆ ಭೋಗ್ಯ ಜಾಸ್ತಿ. ಒಮ್ಮೆಲೇ ಲಕ್ಷಗಟ್ಟಲೆ ಕೊಟ್ಟು, ಬಾಡಿಗೆ ಇಲ್ಲದೆ ಇದ್ದು, ಬಿಡುವಾಗ ಹಣ ವಾಪಸ್ ಪಡೆಯುವ ವ್ಯವಸ್ಥೆ. ಮೂರು ವರ್ಷದ ಭೋಗ್ಯವನ್ನು ನೋಟರಿ ಕಾಗದದಲ್ಲಿ ಬರೆದರೆ ಅದು ನೋಂದಣಿ ಇಲ್ಲದ ದುರ್ಬಲ ಕಾಗದ. ಯಜಮಾನರು ಸಾಲ ಕಟ್ಟದೆ ಬ್ಯಾಂಕು 2002ರ ಸರ್ಫೇಸಿ ಕಾಯ್ದೆಯಡಿ ಮನೆ ವಶಕ್ಕೆ ಬಂದರೆ, ಅಡಮಾನಕ್ಕಿಂತ ಮೊದಲೇ ನೀವು ಬಂದಿದ್ದಿರಿ ಎಂದು ನೋಂದಾಯಿತ ಪತ್ರದಿಂದ ತೋರಿಸುವವರ ಸ್ಥಿತಿ ಗಟ್ಟಿ. ಉಳಿದವರದ್ದು ಕಷ್ಟ. ಬಾಡಿಗೆದಾರರು ಸಾಲ ವಸೂಲಾತಿ ನ್ಯಾಯಮಂಡಳಿಗೆ ಹೋಗಬಹುದು. ಭೋಗ್ಯಕ್ಕೆ ಹಣ ಕೊಡುವ ಮೊದಲು ಉಪನೋಂದಣಿ ಕಚೇರಿಯಿಂದ ಋಣಭಾರ ಪ್ರಮಾಣಪತ್ರ ತೆಗೆಸಿ ನೋಡಿ.

ಕೈಗಾ, ನೌಕಾನೆಲೆ, ರೈಲ್ವೆ ವಸತಿಗೃಹಗಳಿಗೆ? ನಗರಸಭೆ ಮಳಿಗೆಗಳಿಗೆ?

ಇಲ್ಲಿ ಬಾಡಿಗೆ ಕಾಯ್ದೆಯ ಮಾತೇ ಇಲ್ಲ. ಕೇಂದ್ರದ ಆಸ್ತಿಗೆ 1971ರ ಸಾರ್ವಜನಿಕ ಆವರಣಗಳ ಕಾಯ್ದೆ. ನಿವೃತ್ತಿ ಅಥವಾ ವರ್ಗಾವಣೆ ನಂತರವೂ ಮನೆ ಬಿಡದಿದ್ದರೆ 2019ರ ತಿದ್ದುಪಡಿಯಿಂದ ಕಾರಣ ಕೇಳುವ ನೋಟಿಸಿಗೆ ಸಿಗುವುದು ಮೂರು ಕೆಲಸದ ದಿನ ಮಾತ್ರ. ಎಸ್ಟೇಟ್ ಅಧಿಕಾರಿಯೇ ಆದೇಶ ಮಾಡುತ್ತಾರೆ. ಜಿಲ್ಲಾ ನ್ಯಾಯಾಧೀಶರಿಗೆ ಮೇಲ್ಮನವಿ ಇದೆ, ಅವಧಿ 12 ದಿನ. ರಾಜ್ಯ ಸರ್ಕಾರ, ನಗರಸಭೆಗಳ ಆಸ್ತಿಗೆ 1974ರ ಕರ್ನಾಟಕದ ಇಂಥದೇ ಕಾಯ್ದೆ. ಪೇಟೆಯ ನಗರಸಭೆ ಮಳಿಗೆಯನ್ನು ಹರಾಜಿನಲ್ಲಿ ಹಿಡಿದವರು ಅವಧಿ ಮುಗಿಯುವ ಮೊದಲೇ ಮುಂದಿನ ಹರಾಜಿನ ಬಗ್ಗೆ ವಿಚಾರಿಸುತ್ತಿರಿ.

ಮನೆ ಮಾರಿದರೆ ಹೊಸ ಯಜಮಾನರು ತಕ್ಷಣ ಎಬ್ಬಿಸಬಹುದೇ?

ಇಲ್ಲ. ಹಳೆಯವರ ಜಾಗಕ್ಕೆ ಅವರು ಬರುತ್ತಾರೆ ಅಷ್ಟೇ. ಕರಾರು ಹಾಗೇ ಮುಂದುವರಿಯುತ್ತದೆ. ಮುಂಗಡ ಯಾರ ಕೈಯಲ್ಲಿದೆ ಎಂದು ಇಬ್ಬರಿಂದಲೂ ಬರೆಸಿಕೊಳ್ಳಿ.

ಬಾಡಿಗೆ ಕರಾರು ಗಂಡನ ಹೆಸರಲ್ಲಿದೆ. ಅವರು ಬಿಟ್ಟು ಹೋಗಿದ್ದಾರೆ. ನಾನು, ಮಕ್ಕಳು ಹೊರಗೆ ಹೋಗಬೇಕೇ?

ತಕ್ಷಣ ಹೋಗಬೇಕಿಲ್ಲ. ಗಂಡ ಬಿಟ್ಟುಹೋದ ಹೆಂಡತಿ ಖಾಲಿ ಮಾಡಿಸುವ ದಾವೆಯಲ್ಲಿ ತಾನೇ ನಿಂತು ವಾದಿಸಬಹುದು ಎಂದು ಸುಪ್ರೀಂ ಕೋರ್ಟ್ 2005ರಲ್ಲಿ ಹೇಳಿದೆ. ಗಂಡನಿಗೆ ಬಾಡಿಗೆದಾರನಾಗಿ ಇದ್ದ ವಾದಗಳೆಲ್ಲ ಆಕೆಗೂ ಸಿಗುತ್ತವೆ. ಬಾಡಿಗೆಯನ್ನು ಮಾತ್ರ ಕಟ್ಟುತ್ತಿರಬೇಕು. ವಿಚ್ಛೇದನ ಆದ ಮೇಲೆ ಈ ಅವಕಾಶ ಹಾಗೇ ಉಳಿಯುವುದಿಲ್ಲ. ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ 2005ರಲ್ಲಿ 'ಹಂಚಿಕೊಂಡ ಮನೆ' ಎಂದರೆ ಬಾಡಿಗೆ ಮನೆಯೂ ಸೇರುತ್ತದೆ. ಬೇರೆ ವಸತಿ ಅಥವಾ ಅದರ ಬಾಡಿಗೆಯನ್ನು ಗಂಡನೇ ಕೊಡುವಂತೆ ಕೋರ್ಟು ಆದೇಶಿಸಬಹುದು. ಇದು ಕಾರವಾರಕ್ಕೂ ಗೋವಾಕ್ಕೂ ಒಂದೇ. ಯಜಮಾನರ ಮುಜುಗರದ ಮಾತಿಗೆ ಹೆದರಿ ಕೀಲಿ ಕೊಟ್ಟುಬಿಡಬೇಡಿ.

ನಾನು ಮನೆಯ ಒಡತಿ, ವಯಸ್ಸಾಗಿದೆ. ಬಾಡಿಗೆದಾರರು ಬಿಡುತ್ತಿಲ್ಲ. ನನಗೆ ದಾರಿಯೇ ಇಲ್ಲವೇ?

ಇದೆ. ಒಂದೇ ಮನೆಯ ಬಾಡಿಗೆಯಲ್ಲಿ ಔಷಧಿ ತರುವ ಅಮ್ಮಂದಿರು ನಮ್ಮ ಊರುಗಳಲ್ಲಿ ಬಹಳ ಇದ್ದಾರೆ. ಅವರ ಕಷ್ಟವೂ ಕಷ್ಟವೇ. ಮನೆ ಬಾಡಿಗೆ ಕಾಯ್ದೆಯೊಳಗೆ ಬಂದರೆ ವಿಧವೆಯರು, ಅಂಗವಿಕಲರು, ವಯಸ್ಸಾದವರು ಸ್ವಂತ ವಾಸಕ್ಕೆ ಬೇಗ ಸ್ವಾಧೀನ ಕೇಳಲು ಬೇರೆಯದೇ ಅವಕಾಶ ಇದೆ. ಕಾಯ್ದೆಯ ಹೊರಗಿದ್ದರೆ ವಕೀಲರಿಂದ ಸರಿಯಾದ ನೋಟಿಸ್, ಆಮೇಲೆ ದಾವೆ. ಬೀಗ ಹಾಕುವುದು, ಹುಡುಗರನ್ನು ಕಳುಹಿಸುವುದು ಮಾಡಿದರೆ ನಿಮ್ಮ ನ್ಯಾಯದ ಕೇಸೇ ಕೆಡುತ್ತದೆ.

ಬಾಡಿಗೆದಾರರು ತೀರಿಹೋದರೆ ಕುಟುಂಬದ ಗತಿ?

ಕಾಯ್ದೆಯೊಳಗಿನ ಮನೆಯಾದರೆ ಹತ್ತಿರದ ವಾರಸುದಾರರಿಗೆ 5 ವರ್ಷದ ತನಕ ಹಕ್ಕು ಮುಂದುವರಿಯುತ್ತದೆ. ಹೊರಗಿನದಾದರೆ ಅದೇ ಷರತ್ತಿನಲ್ಲಿ, ನೋಟಿಸ್ ಬರುವ ತನಕ.

ಕೋರ್ಟು ಎಲ್ಲಿ? ವಕೀಲರಿಗೆ ಕೊಡಲು ದುಡ್ಡಿಲ್ಲದಿದ್ದರೆ?

ಮನೆ ಇರುವ ಊರಿನ ಕೋರ್ಟಿನಲ್ಲೇ ದಾವೆ. ನೀವು ಈಗ ಎಲ್ಲಿ ಇದ್ದೀರಿ ಎನ್ನುವುದು ಲೆಕ್ಕಕ್ಕಿಲ್ಲ. ಮಡಗಾಂವದ ಮನೆಗೆ ಕಾರವಾರದಲ್ಲಿ ಕೇಸು ಹಾಕಲಾಗದು. ನಮ್ಮ ಜಿಲ್ಲಾ ನ್ಯಾಯಾಲಯ ಕಾರವಾರದಲ್ಲಿ, ಹೈಕೋರ್ಟ್ ಪೀಠ ಧಾರವಾಡದಲ್ಲಿ.

ಮಹಿಳೆಯರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ, ಅಂಗವಿಕಲರಿಗೆ, ಕೈಗಾರಿಕಾ ಕಾರ್ಮಿಕರಿಗೆ 1987ರ ಕಾನೂನು ಸೇವಾ ಪ್ರಾಧಿಕಾರ ಕಾಯ್ದೆಯಡಿ ವಕೀಲರು ಉಚಿತ. ಇವರಿಗೆ ಆದಾಯದ ಮಿತಿಯೂ ಇಲ್ಲ. ಉಳಿದವರಿಗೆ ಆದಾಯ ಕಡಿಮೆ ಇದ್ದರೆ ಸಿಗುತ್ತದೆ. ಕಾರವಾರದ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಅಥವಾ ತಾಲೂಕು ಸಮಿತಿಗೆ ಅರ್ಜಿ ಕೊಡಿ. ಸಹಾಯವಾಣಿ 15100, ಇದು ಗೋವಾದಲ್ಲೂ ನಡೆಯುತ್ತದೆ. ರಾಜಿಗೆ ಮನಸ್ಸಿದ್ದರೆ ಲೋಕ ಅದಾಲತ್ ಒಳ್ಳೆಯ ದಾರಿ. ಆದರೆ ಅಲ್ಲಿ ಒಪ್ಪಿ ಸಹಿ ಹಾಕಿದ ಮೇಲೆ ಮೇಲ್ಮನವಿ ಇಲ್ಲ. ಬಿಡುವ ದಿನ, ಮುಂಗಡ ವಾಪಸಾಗುವ ದಿನ, ಎರಡೂ ಒಂದೇ ಹಾಳೆಯಲ್ಲಿ ಇವೆಯೇ ಎಂದು ಓದಿಸಿಕೊಂಡೇ ಸಹಿ ಹಾಕಿ.